ಒಂದೇ ರೋಗಕ್ಕೆ ಮೂರು ಸ್ಕ್ಯಾನ್ ಏಕೆ?

(ಟ್ರಸ್ಟಿನ ವಾರ್ಷಿಕ ಮಹಾಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ವೈದ್ಯಕೀಯ ನೆರವು ಮತ್ತು ಶಿಕ್ಷಣ ಉಪಸಮಿತಿಯ ಪರವಾಗಿ ಮಾಡಿದ ಭಾಷಣದ ಬರಹರೂಪ)





ವರದಿಯನ್ನು ಕಾರ್ಯದರ್ಶಿಯವರು ಓದಿದ್ದಾರೆ, ಲೆಕ್ಕವನ್ನು ಕೋಶಾಧಿಕಾರಿಯವರು ಒಪ್ಪಿಸಿದ್ದಾರೆ. ನಮ್ಮ ಉಪಸಮಿತಿಗೆ ಸಿಕ್ಕಿರುವ ಸಮಯದಲ್ಲಿ ಒಂದೇ ವಿಷಯ ಮಾತನಾಡೋಣ ಎಂದು ನಾವು ತೀರ್ಮಾನಿಸಿದೆವು. ಅದು ನಮ್ಮ ಮೇಜಿನ ಮೇಲೆ ಪದೇ ಪದೇ ಬಂದು ಕೂರುವ ವಿಷಯ.

ವೈದ್ಯಕೀಯ ನೆರವಿನ ಅರ್ಜಿಯ ಜೊತೆ ಬಿಲ್ಲುಗಳ ಕಟ್ಟು ಬರುತ್ತದೆ. ಅದರಲ್ಲಿ ಒಂದು ಸಿ.ಟಿ. ಸ್ಕ್ಯಾನಿನ ಬಿಲ್ಲು, ಒಂದು ಎಂಆರ್‌ಐ ಬಿಲ್ಲು, ಆಮೇಲೆ ಆಪರೇಷನ್ನಿನ ಹಿಂದಿನ ದಿನ ಅದೇ ಎಂಆರ್‌ಐ ಇನ್ನೊಮ್ಮೆ. ನಮ್ಮ ಉಪಸಮಿತಿಯಲ್ಲಿ ಸ್ಕ್ಯಾನಿಂಗ್ ವಿಭಾಗದಲ್ಲಿ ದುಡಿಯುವವರೂ ಇದ್ದಾರೆ, ಅಡಿಕೆ ವ್ಯಾಪಾರ ಮಾಡುವವರೂ ಇದ್ದಾರೆ, ನಿವೃತ್ತ ಮೇಷ್ಟ್ರುಗಳೂ ಇದ್ದಾರೆ. ಬಿಲ್ಲು ನೋಡಿದ ಕೂಡಲೇ ಅರ್ಧ ಜನ ಕೇಳುತ್ತಾರೆ: "ಒಂದೇ ತಲೆಗೆ ಮೂರು ಫೋಟೋ ಯಾಕೆ? ಇದು ಝಕಾತಿನ ಹಣ, ಅಮಾನತ್. ಆಸ್ಪತ್ರೆಯವರು ದುಡ್ಡು ಮಾಡಲು ಬರೆದುಕೊಟ್ಟದ್ದನ್ನೆಲ್ಲ ನಾವು ಕಟ್ಟುವುದೋ?" ದಾನಿಗಳಲ್ಲೂ ಕೆಲವರು ಇದೇ ಪ್ರಶ್ನೆಯನ್ನು ಫೋನ್ ಮಾಡಿ ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಕೇಳಲೇಬೇಕಾದದ್ದು. ಆದರೆ ಉತ್ತರ ತಿಳಿಯದೆ ಆ ಬಿಲ್ಲಿಗೆ ಅಡ್ಡಗೆರೆ ಎಳೆದುಬಿಟ್ಟರೆ ಅದು ಅಮಾನತನ್ನು ಕಾಪಾಡಿದಂತಾಗುವುದಿಲ್ಲ. ಕೆಲವು ಸಲ ಆ ಮೂರನೆಯ ಸ್ಕ್ಯಾನಿನ ಮೇಲೆಯೇ ಆ ತಾಯಿಯ ಮಾತು, ಆ ತಂದೆಯ ಬಲಗೈ ಉಳಿಯುವುದು ನಿಂತಿರುತ್ತದೆ.

ಮೊದಲು, ಈ ಯಂತ್ರಗಳು ಒಂದೇ ಕೆಲಸ ಮಾಡುವುದಿಲ್ಲ ಎಂಬುದನ್ನು ಅರ್ಥ ಮಾಡಿಕೊಳ್ಳಬೇಕು. "ಸ್ಕ್ಯಾನ್" ಎಂಬ ಒಂದೇ ಪದದಲ್ಲಿ ನಾವು ಎಲ್ಲವನ್ನೂ ಸುತ್ತಿಬಿಡುತ್ತೇವೆ, ಗೊಂದಲ ಅಲ್ಲಿಂದಲೇ ಶುರು.

ಎಕ್ಸ್-ರೇ ನೆರಳಿನ ಚಿತ್ರ. 1895ರ ನವೆಂಬರಿನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಗೆನ್ ಈ ಕಿರಣಗಳನ್ನು ಕಂಡುಹಿಡಿದು, ಮರುತಿಂಗಳು ತನ್ನ ಹೆಂಡತಿಯ ಕೈಯ ಚಿತ್ರ ತೆಗೆದ. ಮೂಳೆ ಕಂಡಿತು, ಬೆರಳಲ್ಲಿದ್ದ ಉಂಗುರ ಕಂಡಿತು, ಮಾಂಸ ಕಾಣಲಿಲ್ಲ. ಸಿ.ಟಿ. ಎಂದರೆ ಅದೇ ಎಕ್ಸ್-ರೇಯನ್ನು ದೇಹದ ಸುತ್ತ ತಿರುಗಿಸಿ, ಬಾಳೆದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದ ಹಾಗೆ ಒಳಗನ್ನು ತೋರಿಸುವುದು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮಿದುಳಿನ ಸಿ.ಟಿ. ನಡೆಯಿತು. ಅದನ್ನು ಕಟ್ಟಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ವೈದ್ಯನಲ್ಲ, ಇಎಂಐ ಎಂಬ ಕಂಪನಿಯ ಎಂಜಿನಿಯರ್. ಹಾಡಿನ ರೆಕಾರ್ಡುಗಳಿಗೆ ಹೆಸರಾದ ಅದೇ ಇಎಂಐ. 1979ರಲ್ಲಿ ಅಲನ್ ಕಾರ್ಮ್ಯಾಕ್ ಎಂಬ ಭೌತವಿಜ್ಞಾನಿಯ ಜೊತೆ ವೈದ್ಯಶಾಸ್ತ್ರದ ನೊಬೆಲ್ ಬಂತು. ಇದನ್ನು ಮಕ್ಕಳು ನೆನಪಿಟ್ಟುಕೊಳ್ಳಿ, ಆಮೇಲೆ ಇದಕ್ಕೇ ಬರುತ್ತೇವೆ. ಸಿ.ಟಿ.ಗೆ ಮೂಳೆ, ಕಲ್ಲು, ಹೊಸದಾಗಿ ಆದ ರಕ್ತಸ್ರಾವ, ಶ್ವಾಸಕೋಶ ಇವೆಲ್ಲ ಚೆನ್ನಾಗಿ ಕಾಣುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ.

ಎಂಆರ್‌ಐಯಲ್ಲಿ ಎಕ್ಸ್-ರೇ ಇಲ್ಲವೇ ಇಲ್ಲ. ಬಲವಾದ ಅಯಸ್ಕಾಂತದೊಳಗೆ ಮಲಗಿಸಿ, ರೇಡಿಯೋ ಅಲೆ ಕಳುಹಿಸಿ, ದೇಹದ ನೀರಿನ ಕಣಗಳು ಕೊಡುವ ಉತ್ತರವನ್ನು ಅದು ಕೇಳಿಸಿಕೊಳ್ಳುತ್ತದೆ. ಹಾಗಾಗಿ ಮೆತ್ತಗಿನ ಭಾಗಗಳೆಲ್ಲ, ಮಿದುಳು, ಬೆನ್ನುಹುರಿ, ಪ್ರಾಸ್ಟೇಟ್ ಗ್ರಂಥಿ, ಅದಕ್ಕೆ ವಿವರವಾಗಿ ಕಾಣುತ್ತವೆ. ಇನ್ನೂ ಮುಂದೆ ಹೋಗಿ, ರೋಗಿಗೆ ಬೆರಳು ಆಡಿಸಲು, ಪದಗಳನ್ನು ನೆನಪಿಸಿಕೊಳ್ಳಲು ಹೇಳಿ, ಆ ಹೊತ್ತಿನಲ್ಲಿ ಮಿದುಳಿನ ಯಾವ ಜಾಗ ಚುರುಕಾಗುತ್ತದೆ ಎಂಬುದನ್ನೂ ಅದರಿಂದ ಗುರುತಿಸಬಹುದು. ಆದರೆ ನಿಧಾನ. ಒಳಗೆ ಹೋದ ರೋಗಿ ಅಲುಗಾಡಬಾರದು. ಕೆಲವು ಬಗೆಯ ಪೇಸ್‌ಮೇಕರ್ ಇದ್ದವರನ್ನು ಒಳಗೆ ಬಿಡುವಂತಿಲ್ಲ.

ಅಲ್ಟ್ರಾಸೌಂಡ್ ಶಬ್ದದ ಪ್ರತಿಧ್ವನಿ. ಬಸುರಿಯರಿಗೆಲ್ಲ ಗೊತ್ತು. ಅಗ್ಗ, ವಿಕಿರಣವಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಆ ಕ್ಷಣದಲ್ಲಿ ಏನು ನಡೆಯುತ್ತಿದೆಯೋ ಅದನ್ನು ಆ ಕ್ಷಣದಲ್ಲೇ ತೋರಿಸುತ್ತದೆ. ಆದರೆ ಮೂಳೆ ಮತ್ತು ಗಾಳಿ ಅಡ್ಡ ಬಂದರೆ ಅದಕ್ಕೆ ಕಣ್ಣು ಕಾಣುವುದಿಲ್ಲ. ಇನ್ನು ಪೆಟ್ ಎಂಬುದು ಬೇರೆಯೇ ಜಾತಿ. ಸಕ್ಕರೆಯಂಥ ವಸ್ತುವಿಗೆ ಸ್ವಲ್ಪ ವಿಕಿರಣ ಅಂಟಿಸಿ ರಕ್ತಕ್ಕೆ ಬಿಟ್ಟರೆ, ಹೆಚ್ಚು ಸಕ್ಕರೆ ತಿನ್ನುವ ಕ್ಯಾನ್ಸರ್ ಗಂಟು ಹೊಳೆಯುತ್ತದೆ. ಆದರೆ ಆ ಹೊಳಪು ದೇಹದ ಯಾವ ಮೂಲೆಯಲ್ಲಿದೆ ಎಂದು ನಿಖರವಾಗಿ ಹೇಳಲು ಅದಕ್ಕೆ ಬರುವುದಿಲ್ಲ, ಕತ್ತಲೆಯಲ್ಲಿ ದೂರದ ದೀಪ ಕಂಡ ಹಾಗೆ. ಅದಕ್ಕೇ ಡೇವಿಡ್ ಟೌನ್‌ಸೆಂಡ್ ಮತ್ತು ರೊನಾಲ್ಡ್ ನಟ್ ಎಂಬ ಇಬ್ಬರು ಪೆಟ್ ಮತ್ತು ಸಿ.ಟಿ.ಗಳನ್ನು ಒಂದೇ ಯಂತ್ರದಲ್ಲಿ ಸೇರಿಸಿದರು. 2000ದ ಆಸುಪಾಸಿನಲ್ಲಿ ಬಂದ ಆ ಪೆಟ್-ಸಿ.ಟಿ. ಇಂದು ಕ್ಯಾನ್ಸರ್ ರೋಗಿಗಳ ಮನೆಯವರಿಗೆಲ್ಲ ಪರಿಚಿತ ಹೆಸರು.

ಅಂದರೆ ಒಬ್ಬನಿಗೆ ಆಕಾರ ಕಾಣುತ್ತದೆ, ಒಬ್ಬನಿಗೆ ಕೆಲಸ ಕಾಣುತ್ತದೆ, ಒಬ್ಬನಿಗೆ ಚಲನೆ ಕಾಣುತ್ತದೆ. ಹಿಂದಿನ ಕಾಲದಲ್ಲಿ ಇದು ಅಷ್ಟು ದೊಡ್ಡ ತೊಂದರೆಯಾಗಿರಲಿಲ್ಲ. ಏಕೆಂದರೆ ಸರ್ಜನ್ ದೊಡ್ಡದಾಗಿ ಕೊಯ್ದು, ಕೈ ಹಾಕಿ, ಮುಟ್ಟಿ, ಕಣ್ಣಾರೆ ನೋಡುತ್ತಿದ್ದರು. ಚಿತ್ರ ಬರಿಯ ಸೂಚನೆ, ನಿರ್ಧಾರ ಕೈಯದ್ದು.

ಕೀಹೋಲ್ ಆಪರೇಷನ್ ಬಂದ ಮೇಲೆ ಇದು ತಿರುಗಿತು. 1980ರಲ್ಲಿ ಜರ್ಮನಿಯ ಕುರ್ಟ್ ಜೆಮ್ ಲ್ಯಾಪರೋಸ್ಕೋಪಿಯಿಂದ ಅಪೆಂಡಿಕ್ಸ್ ತೆಗೆದಾಗ ಅವರ ದೇಶದ ವೈದ್ಯರೇ ಅವರ ಮೇಲೆ ಹರಿಹಾಯ್ದಿದ್ದರು. 1985ರಲ್ಲಿ ಎರಿಕ್ ಮ್ಯೂಹೆ ಪಿತ್ತಕೋಶವನ್ನು ಹಾಗೆಯೇ ತೆಗೆದರು. ಇಂದು ನಮ್ಮ ತಾಲೂಕು ಕೇಂದ್ರಗಳ ಆಸ್ಪತ್ರೆಗಳಲ್ಲೂ ಅದು ಸಾಮಾನ್ಯ. ರೋಗಿಗೆ ಲಾಭ ಎಷ್ಟೆಂದು ನಿಮಗೇ ಗೊತ್ತು: ಗಾಯ ಸಣ್ಣದು, ನೋವು ಕಡಿಮೆ, ಬೇಗ ಮನೆಗೆ. ದಿನಗೂಲಿಯವನಿಗೆ ಹದಿನೈದು ದಿನ ಮೊದಲೇ ಕೆಲಸಕ್ಕೆ ಹೋಗಲಾಗುವುದೆಂದರೆ ಅದು ನಮ್ಮ ನೆರವಿನ ಚೆಕ್ಕಿಗಿಂತ ದೊಡ್ಡದು. ಆದರೆ ಸರ್ಜನ್ ಇಲ್ಲಿ ಎರಡನ್ನು ಕಳೆದುಕೊಂಡರು. ಮುಟ್ಟಿ ನೋಡುವ ಕೈ ಹೋಯಿತು, ಸುತ್ತಲೂ ನೋಡುವ ಕಣ್ಣು ಹೋಯಿತು. ಕ್ಯಾಮೆರಾಗೆ ಅಂಗದ ಮೇಲ್ಮೈ ಮಾತ್ರ ಕಾಣುತ್ತದೆ. ಲಿವರಿನೊಳಗೆ ಎರಡು ಅಂಗುಲ ಕೆಳಗಿರುವ ಗಂಟು ಕಾಣುವುದಿಲ್ಲ. ಸೂಜಿಯೊಂದನ್ನೇ ಹೊರಗಿನಿಂದ ಚುಚ್ಚುವಲ್ಲಿ ಅಷ್ಟೂ ಇಲ್ಲ. ಕಳೆದುಹೋದ ಆ ಕಣ್ಣು ಮತ್ತು ಕೈಗಳ ಬದಲಿಗೆ ನಿಂತದ್ದೇ ಈ ಚಿತ್ರಗಳು. ಬದಲಿಗೆ ನಿಲ್ಲಬೇಕಾದರೆ ಅವು ಬೇರೆ ಬೇರೆಯಾಗಿ ಗೋಡೆಗೆ ತೂಗಿದರೆ ಸಾಲದು, ಒಂದರ ಮೇಲೊಂದು ಕೂರಬೇಕು.

ಈ ಕೂರಿಸುವುದೇ ಇಡೀ ವಿಷಯದ ಹೃದಯ. ನಮ್ಮವರಿಗೆ ಜಮೀನಿನ ಉದಾಹರಣೆ ಕೊಟ್ಟರೆ ಬೇಗ ತಿಳಿಯುತ್ತದೆ. ನಿಮ್ಮ ಹತ್ತಿರ ಹಳೆಯ ಸರ್ವೇ ನಕ್ಷೆ ಒಂದಿದೆ, ಮೊನ್ನೆ ಡ್ರೋನಿನಿಂದ ತೆಗೆಸಿದ ಫೋಟೋ ಒಂದಿದೆ. ನಕ್ಷೆಯಲ್ಲಿ ಗಡಿ ಇದೆ, ಫೋಟೋದಲ್ಲಿ ತೋಟ ಇದೆ. ಅಳತೆ ಬೇರೆ, ದಿಕ್ಕು ಬೇರೆ. ಒಂದರ ಮೇಲೊಂದು ಇಡುವುದು ಹೇಗೆ? ಎರಡರಲ್ಲೂ ಕಾಣುವ ಗಡಿಕಲ್ಲುಗಳನ್ನು ಹುಡುಕುತ್ತೀರಿ. ಒಂದು ಕಲ್ಲು ಸಾಲದು, ಎರಡೂ ಸಾಲದು, ಕಡಿಮೆ ಎಂದರೆ ಮೂರು ಬೇಕು. ಅವು ಕೂಡಿದರೆ ಉಳಿದದ್ದು ತಾನಾಗಿ ಕೂಡುತ್ತದೆ. ಆಮೇಲೆ ನೀವು ತೋಟದಲ್ಲಿ ನಿಂತಾಗ, ನಿಂತ ಜಾಗ ನಕ್ಷೆಯ ಮೇಲೆ ಎಲ್ಲಿ ಬರುತ್ತದೆಂದು ಹೇಳಬಹುದು.

ಆಪರೇಷನ್ ಕೋಣೆಯಲ್ಲಿ ನಡೆಯುವುದೂ ಹೀಗೆಯೇ. ಸ್ಕ್ಯಾನಿನ ಮೊದಲು ರೋಗಿಯ ಹಣೆ, ಕಿವಿಯ ಹಿಂದೆ ಸಣ್ಣ ಗುರುತುಗಳನ್ನು ಅಂಟಿಸುತ್ತಾರೆ, ಇಲ್ಲವೆ ಮೂಗಿನ ತುದಿ, ಕಣ್ಣಿನ ಕೊನೆಗಳನ್ನೇ ಗಡಿಕಲ್ಲಾಗಿ ಬಳಸುತ್ತಾರೆ. ಟೇಬಲ್ಲಿನ ಮೇಲೆ ರೋಗಿ ಮಲಗಿದ ಮೇಲೆ ಸರ್ಜನ್ ಒಂದು ಕಡ್ಡಿಯಿಂದ ಆ ಗುರುತುಗಳನ್ನು ಒಂದೊಂದಾಗಿ ಮುಟ್ಟುತ್ತಾರೆ. ಆ ಕಡ್ಡಿಯ ಹಿಡಿಯಲ್ಲಿ ಹೊಳೆಯುವ ಸಣ್ಣ ಗುಂಡುಗಳಿರುತ್ತವೆ. ಮೇಲಿರುವ ಜೋಡಿ ಕ್ಯಾಮೆರಾ ಅವುಗಳನ್ನು ನೋಡಿ ಕಡ್ಡಿಯ ತುದಿ ಎಲ್ಲಿದೆಯೆಂದು ಲೆಕ್ಕ ಹಾಕುತ್ತದೆ. ಕಂಪ್ಯೂಟರ್ ದೇಹವನ್ನೂ ಚಿತ್ರವನ್ನೂ ಕೂಡಿಸುತ್ತದೆ. ಅಲ್ಲಿಂದ ಮುಂದೆ ಸರ್ಜನ್ ಕಡ್ಡಿಯನ್ನು ಎಲ್ಲಿ ಇಟ್ಟರೂ ಪರದೆಯ ಮೇಲೆ ಸಿ.ಟಿ.ಯಲ್ಲಿ ಆ ಜಾಗ, ಎಂಆರ್‌ಐಯಲ್ಲಿ ಆ ಜಾಗ, ಮಾತಿನ ಕೇಂದ್ರ ಅಲ್ಲಿಂದ ಎಷ್ಟು ದೂರ, ಎಲ್ಲವೂ ಒಟ್ಟಿಗೆ ಕಾಣುತ್ತದೆ. ಇಡೀ ತಲೆ ತೆರೆಯುವ ಬದಲು ಸಣ್ಣ ಕಿಟಕಿ ತೆರೆದರೆ ಸಾಕಾಗುವುದು ಇದರಿಂದಲೇ.

ಆದರೆ ದೇಹ ಜಮೀನಲ್ಲ, ಅದು ಅಲುಗಾಡುತ್ತದೆ. ಮಿದುಳು ನೀರಿನಲ್ಲಿ ತೇಲಿಕೊಂಡಿರುವ ಅಂಗ. ಬೊಂಡಕ್ಕೆ ತೂತು ಕೊರೆದರೆ ನೀರು ಹೊರಬರುವಂತೆ, ತಲೆಬುರುಡೆ ತೆರೆದಾಗ ಆ ನೀರು ಸ್ವಲ್ಪ ಸ್ವಲ್ಪ ಹೊರಬರುತ್ತದೆ, ಮಿದುಳು ಕುಸಿಯುತ್ತದೆ. ಗಂಟಿನ ಅರ್ಧ ತೆಗೆಯುವಷ್ಟರಲ್ಲಿ ಉಳಿದರ್ಧ ಒಂದು ಸೆಂಟಿಮೀಟರಿಗಿಂತ ಹೆಚ್ಚು ಸರಿದಿರಬಹುದು. ಬೆಳಿಗ್ಗೆಯ ನಕ್ಷೆ ಮಧ್ಯಾಹ್ನಕ್ಕೆ ಹಳತಾಯಿತು. ಪರದೆ ಮಾತ್ರ ಬೆಳಗಿನದನ್ನೇ ಅಷ್ಟೇ ಸ್ಪಷ್ಟವಾಗಿ, ಅಷ್ಟೇ ಬಣ್ಣದಲ್ಲಿ ತೋರಿಸುತ್ತಿರುತ್ತದೆ. ಈ ವಿದ್ಯೆಯ ದೊಡ್ಡ ಅಪಾಯ ಇದು ಎಂದು ನಮ್ಮ ಅಭಿಪ್ರಾಯ. ಹಳೆಯ ಚಿತ್ರ ತಾನು ಹಳತಾಗಿದ್ದೇನೆಂದು ಹೇಳುವುದಿಲ್ಲ.

ಇದಕ್ಕೆ ಅಮೆರಿಕದ ಬೋಸ್ಟನ್ನಿನಲ್ಲಿ ಒಂದು ದಿಟ್ಟ ಉತ್ತರ ಹುಡುಕಿದರು. ಅಲ್ಲಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ ಫೆರೆಂಕ್ ಯೋಲೆಸ್ ಎಂಬವರಿದ್ದರು, ಹಂಗೇರಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ವೈದ್ಯ. ರೋಗಿಯನ್ನು ಎಂಆರ್‌ಐಗೆ ಕಳುಹಿಸುವ ಬದಲು ಎಂಆರ್‌ಐಯೊಳಗೇ ಆಪರೇಷನ್ ಮಾಡಿದರೆ ಹೇಗೆ ಎಂದು ಅವರ ತಂಡ ಕೇಳಿಕೊಂಡಿತು. 1994ರಲ್ಲಿ ಎರಡು ದೊಡ್ಡ ಉಂಗುರಗಳನ್ನು ಪಕ್ಕಪಕ್ಕ ಇಟ್ಟಂಥ ಎಂಆರ್‌ಐ ಅಲ್ಲಿಗೆ ಬಂತು. ನಡುವಿನ ಸಂದಿಯಲ್ಲಿ ಸರ್ಜನ್ ನಿಂತು ಕೆಲಸ ಮಾಡುತ್ತಿದ್ದರು. ಕಬ್ಬಿಣದ ಒಂದು ಕತ್ತರಿಯನ್ನೂ ಒಳಗೆ ಒಯ್ಯುವಂತಿಲ್ಲ, ಅಯಸ್ಕಾಂತ ಎಳೆದುಕೊಳ್ಳುತ್ತದೆ. ಉಪಕರಣಗಳನ್ನೆಲ್ಲ ಟೈಟೇನಿಯಂನಂಥ ಲೋಹದಲ್ಲಿ ಹೊಸದಾಗಿ ಮಾಡಿಸಬೇಕಾಯಿತು. 2011ರಲ್ಲಿ ಅದೇ ಆಸ್ಪತ್ರೆ ಅಮಿಗೋ ಎಂಬ ಮೂರು ಕೋಣೆಗಳ ಘಟಕ ತೆರೆಯಿತು. ನಡುವೆ ಆಪರೇಷನ್ ಕೋಣೆ, ಒಂದು ಪಕ್ಕ ಎಂಆರ್‌ಐ, ಇನ್ನೊಂದು ಪಕ್ಕ ಪೆಟ್-ಸಿ.ಟಿ. ಎಂಆರ್‌ಐ ಯಂತ್ರವೇ ಚಾವಣಿಯ ಹಳಿಯ ಮೇಲೆ ರೋಗಿಯ ಬಳಿಗೆ ಬರುತ್ತದೆ. ಅಲ್ಟ್ರಾಸೌಂಡ್, ಎಕ್ಸ್-ರೇ ಅಲ್ಲೇ ಇವೆ. ನಕ್ಷೆ ಹಳತಾದಾಗಲೆಲ್ಲ ಹೊಸದು ತೆಗೆಯುವುದು, ಅಷ್ಟೇ ಅದರ ತತ್ವ.

ಇದರಿಂದ ಪ್ರಯೋಜನವಾಯಿತೇ? ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಗ್ಲಿಯೋಮಾ ಎಂಬ ಮಿದುಳಿನ ಗಂಟಿನ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಆಪರೇಷನ್ನಿನ ನಡುವೆಯೇ ಎಂಆರ್‌ಐ ತೆಗೆದ 24 ಜನರಲ್ಲಿ 23 ಜನರಿಗೆ ಚಿತ್ರದಲ್ಲಿ ಕಾಣುವ ಗಂಟೆಲ್ಲ ಪೂರ್ತಿ ಹೋಯಿತು. ಹಾಗೆ ತೆಗೆಯದ 25 ಜನರಲ್ಲಿ 17 ಮಂದಿಗೆ ಮಾತ್ರ. ಅಧ್ಯಯನ ಸಣ್ಣದು, ಆದರೆ ವ್ಯತ್ಯಾಸ ಸಣ್ಣದಲ್ಲ. ಗ್ಲಿಯೋಮಾದ ಅಂಚು ಬರಿಗಣ್ಣಿಗೆ ಒಳ್ಳೆಯ ಮಿದುಳಿನಂತೆಯೇ ಕಾಣುವುದರಿಂದ ಹೀಗಾಗುತ್ತದೆ.

ಎಲ್ಲ ಕಡೆ ಬೋಸ್ಟನ್ ಕಟ್ಟಲಾಗದು, ಕಟ್ಟಬೇಕಾಗಿಯೂ ಇಲ್ಲ. ಮೊದಲೇ ತೆಗೆದ ಎಂಆರ್‌ಐಯನ್ನು ಆಪರೇಷನ್ ಹೊತ್ತಿನ ಅಲ್ಟ್ರಾಸೌಂಡಿನ ಜೊತೆ ಕೂಡಿಸುವುದು ಅದಕ್ಕಿಂತ ಎಷ್ಟೋ ಅಗ್ಗದ ದಾರಿ. ಒಂದು ವಿವರ ಕೊಡುತ್ತದೆ, ಇನ್ನೊಂದು ಈ ಕ್ಷಣದ ಸ್ಥಿತಿ ಹೇಳುತ್ತದೆ. ಇದರ ಒಳ್ಳೆಯ ಉದಾಹರಣೆ ನಮ್ಮ ಹಿರಿಯರಿಗೆ ಸಂಬಂಧಪಟ್ಟದ್ದು. ಸಭೆಯಲ್ಲಿ ಹೇಳಲು ಸಂಕೋಚ ಪಡುವ ವಿಷಯವಾದರೂ ಹೇಳುತ್ತೇವೆ: ಪ್ರಾಸ್ಟೇಟ್.

ಐವತ್ತು ದಾಟಿದ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಸಂಶಯ ಬಂದರೆ ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸುತ್ತಾರೆ. ಹಳೆಯ ಕ್ರಮದಲ್ಲಿ ಅಲ್ಟ್ರಾಸೌಂಡ್ ನೋಡಿಕೊಂಡು ಹತ್ತು-ಹನ್ನೆರಡು ಕಡೆ ಚುಚ್ಚುತ್ತಾರೆ. ಅಲ್ಟ್ರಾಸೌಂಡಿಗೆ ಗ್ರಂಥಿ ಕಾಣುತ್ತದೆ, ಆದರೆ ಅದರೊಳಗಿನ ಗಂಟು ಹಲವು ಸಲ ಕಾಣುವುದಿಲ್ಲ. ಕೆರೆಯಲ್ಲಿ ಅಲ್ಲಲ್ಲಿ ಗಾಳ ಹಾಕಿದ ಹಾಗೆ. ಸಿಕ್ಕರೆ ಸಿಕ್ಕಿತು. ಎಂಆರ್‌ಐಗೆ ಸಂಶಯದ ಜಾಗ ಕಾಣುತ್ತದೆ. ಅದನ್ನು ಅಲ್ಟ್ರಾಸೌಂಡಿನ ಮೇಲೆ ಕೂರಿಸಿ ಆ ಜಾಗಕ್ಕೇ ಸೂಜಿ ಹಾಕಿದರೆ? 11 ದೇಶಗಳ 25 ಕೇಂದ್ರಗಳಲ್ಲಿ 500 ಗಂಡಸರ ಮೇಲೆ ಇದನ್ನು ಪರೀಕ್ಷಿಸಿದರು. ಪ್ರಿಸಿಷನ್ ಎಂದು ಹೆಸರಾದ ಆ ಅಧ್ಯಯನ 2018ರಲ್ಲಿ ಬಂತು. ಚಿಕಿತ್ಸೆ ಬೇಕಾಗುವಂಥ ಕ್ಯಾನ್ಸರ್ ಪತ್ತೆಯಾದದ್ದು ಹೊಸ ಕ್ರಮದಲ್ಲಿ ನೂರಕ್ಕೆ 38 ಜನರಲ್ಲಿ, ಹಳೆಯ ಕ್ರಮದಲ್ಲಿ 26 ಜನರಲ್ಲಿ. ಸುಮ್ಮನೆ ಹೆದರಿಸುವ, ಅಪಾಯವಿಲ್ಲದ ಸಣ್ಣ ಕ್ಯಾನ್ಸರ್‌ಗಳು ಸಿಕ್ಕಿದ್ದು ಹೊಸದರಲ್ಲಿ 9, ಹಳೆಯದರಲ್ಲಿ 22. ಅಷ್ಟೇ ಅಲ್ಲ, ಎಂಆರ್‌ಐ ಗುಂಪಿನ ಕಾಲುಭಾಗಕ್ಕಿಂತ ಹೆಚ್ಚು ಜನರಿಗೆ ಸೂಜಿಯೇ ಬೇಕಾಗಲಿಲ್ಲ, ಏಕೆಂದರೆ ಎಂಆರ್‌ಐಯಲ್ಲಿ ಸಂಶಯವೇ ಕಾಣಲಿಲ್ಲ.

ಈ ಅಧ್ಯಯನದಲ್ಲಿ ದಾನಿಗಳು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಎಲ್ಲ ಕೇಂದ್ರಗಳಲ್ಲೂ ಚಿತ್ರ ಕೂಡಿಸುವ ದುಬಾರಿ ಯಂತ್ರ ಬಳಸಲಿಲ್ಲ. ಕೆಲವು ಕಡೆ ಸಾಫ್ಟ್‌ವೇರ್ ಕೂಡಿಸಿತು, ಕೆಲವು ಕಡೆ ವೈದ್ಯರು ಎಂಆರ್‌ಐಯನ್ನು ಚೆನ್ನಾಗಿ ಓದಿಕೊಂಡು ಮನಸ್ಸಿನಲ್ಲೇ ಕೂಡಿಸಿದರು. ಚಿತ್ರವನ್ನು ಓದಬಲ್ಲ ಮನುಷ್ಯನಿಲ್ಲದೆ ಯಂತ್ರ ಏನೂ ಮಾಡುವುದಿಲ್ಲ. "ನಮ್ಮ ಹೆಸರಲ್ಲಿ ಒಂದು ಯಂತ್ರ ಕೊಡಿಸಿ" ಎಂದು ಮುಂದೆ ಬರುವ ದಾನಿಗಳ ಮನಸ್ಸು ದೊಡ್ಡದು. ಆದರೆ ಉಪಸಮಿತಿ ಆ ಹಣವನ್ನು ಮನುಷ್ಯರ ಮೇಲೆ ಹಾಕಲು ಕೇಳಿಕೊಳ್ಳುತ್ತದೆ. ಯಂತ್ರಕ್ಕೆ ಕೆಲವೇ ವರ್ಷಗಳ ಆಯುಸ್ಸು; ಕಲಿತ ಹುಡುಗಿಗೆ ಮೂವತ್ತು ವರ್ಷದ ಸೇವೆ.

ಹೃದಯ ಮತ್ತು ಲಿವರಿನ ಬಗ್ಗೆ ಚಿಕ್ಕದಾಗಿ. 2002ರ ಏಪ್ರಿಲಿನಲ್ಲಿ ಫ್ರಾನ್ಸಿನ ರುವಾನ್‌ನಲ್ಲಿ ಅಲೆನ್ ಕ್ರಿಬಿಯೆ ಎಂಬ ವೈದ್ಯರು ಎದೆ ತೆರೆಯದೆ, ತೊಡೆಯ ರಕ್ತನಾಳದಿಂದ ಒಯ್ದು ಹೃದಯದ ಕವಾಟ ಕೂರಿಸಿದರು. ಇಂದು ಅದಕ್ಕೆ ಮೊದಲು ಸಿ.ಟಿ. ಬೇಕು, ಕವಾಟದ ಅಳತೆಗೂ ದಾರಿಯ ರಕ್ತನಾಳ ಅಗಲವಿದೆಯೇ ಎಂದು ನೋಡಲಿಕ್ಕೂ. ಕೂರಿಸುವಾಗ ಎಕ್ಸ್-ರೇ ಬೇಕು, ಸೋರುತ್ತಿದೆಯೇ ನೋಡಲು ಎಕೋ ಬೇಕು. ಅಳತೆ ತಪ್ಪಿದ ಕವಾಟ ಜಾರಬಹುದು, ಸೋರಬಹುದು. ಲಿವರಿನ ಗಂಟನ್ನು ಸೂಜಿಯಿಂದ ಸುಡುವ ಚಿಕಿತ್ಸೆಯಲ್ಲಿ, ಸಿ.ಟಿ.ಯಲ್ಲಿ ಕಂಡ ಗಂಟು ಅಲ್ಟ್ರಾಸೌಂಡಿನಲ್ಲಿ ಕಾಣದಿದ್ದಾಗ ಎರಡನ್ನೂ ಕೂಡಿಸುತ್ತಾರೆ. ಉಸಿರಾಡಿದಂತೆ ಲಿವರ್ ಮೇಲೆ ಕೆಳಗೆ ಸರಿಯುವುದರಿಂದ ಅಲ್ಲಿ ಕೂಡಿಸುವುದು ತಲೆಯಲ್ಲಿ ಕೂಡಿಸುವುದಕ್ಕಿಂತ ಕಷ್ಟ.

ಈಗ ಬಿಲ್ಲಿಗೆ ಬರೋಣ. ಯಾವ ಸ್ಕ್ಯಾನ್ ಅಗತ್ಯ, ಯಾವುದು ವ್ಯರ್ಥ? ನಾವು ವೈದ್ಯರ ತೀರ್ಮಾನವನ್ನು ಬದಲಿಸುವವರಲ್ಲ. ಆದರೆ ಎರಡು ವಿಷಯ ಅರ್ಜಿದಾರರಿಗೆ ಗೊತ್ತಿದ್ದರೆ ಸಾವಿರಾರು ರೂಪಾಯಿ ಉಳಿಯುತ್ತದೆ.

ಎರಡನೇ ಸಲದ ಎಂಆರ್‌ಐ ಹಲವು ಸಲ ನಿಜವಾಗಿಯೂ ಬೇರೆ ಎಂಆರ್‌ಐ. ರೋಗ ಗುರುತಿಸಲು ತೆಗೆಯುವ ಮಾಮೂಲಿ ಸ್ಕ್ಯಾನಿನಲ್ಲಿ ಬಿಲ್ಲೆಗಳು ಸುಮಾರು ಐದು ಮಿಲಿಮೀಟರ್ ದಪ್ಪ ಇರುತ್ತವೆ, ನಡುವೆ ಸ್ವಲ್ಪ ಖಾಲಿ ಜಾಗವೂ ಬಿಟ್ಟಿರುತ್ತದೆ. ಓದಲು ಅದು ಸಾಕು. ಸೂಜಿಗೆ ದಾರಿ ತೋರಿಸಲು ಸಾಲದು. ಅದಕ್ಕೆ ಸುಮಾರು ಒಂದು ಮಿಲಿಮೀಟರಿನ, ನಡುವೆ ಬಿಡುವಿಲ್ಲದ ಬಿಲ್ಲೆಗಳು ಬೇಕು. ಇದನ್ನು ನ್ಯಾವಿಗೇಷನ್ ಪ್ರೋಟೋಕಾಲ್ ಎನ್ನುತ್ತಾರೆ. ಬಿಲ್ಲಿನಲ್ಲಿ ಎರಡಕ್ಕೂ "ಎಂಆರ್‌ಐ ಬ್ರೈನ್" ಎಂದೇ ಬರೆದಿರುವುದರಿಂದ ನಮಗೆ ಒಂದೇ ಥರ ಕಾಣುತ್ತದೆ. ಮೊದಲ ಸ್ಕ್ಯಾನ್ ಬರೆಸಿಕೊಳ್ಳುವಾಗಲೇ "ಡಾಕ್ಟ್ರೇ, ಮುಂದೆ ಆಪರೇಷನ್ ಬೇಕಾದರೆ ಇದೇ ಸಾಕಾಗುವಂತೆ ತೆಗೆಯಬಹುದೇ?" ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕೆಲವು ಸಲ ಆಗುತ್ತದೆ, ಕೆಲವು ಸಲ ಆಗುವುದಿಲ್ಲ. ಗಂಟು ಬೆಳೆಯುತ್ತಿದ್ದರೆ ಆಪರೇಷನ್ನಿನ ಹತ್ತಿರದ ದಿನವೇ ತೆಗೆಯಬೇಕಾಗುತ್ತದೆ.

ಇನ್ನೊಂದು, ನಿಜವಾಗಿಯೂ ವ್ಯರ್ಥವಾಗುವ ಸ್ಕ್ಯಾನ್. ಒಂದು ಊರಿನಲ್ಲಿ ಸ್ಕ್ಯಾನ್ ಮಾಡಿಸಿ, ಫಿಲಂ ಮತ್ತು ರಿಪೋರ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ದೊಡ್ಡ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿ ಮತ್ತೆ ಸ್ಕ್ಯಾನ್. ಮನೆಯವರಿಗೆ ಸಿಟ್ಟು. ಆದರೆ ಫಿಲಂ ಬರಿಯ ಫೋಟೋ, ಅದನ್ನು ಕಂಪ್ಯೂಟರ್ ಇನ್ನೊಂದರ ಮೇಲೆ ಕೂರಿಸಲಾರದು. ಬೇಕಾದದ್ದು ಡೈಕಾಮ್ ಎಂಬ ರೂಪದ ಮೂಲ ಫೈಲುಗಳು, ಸಿ.ಡಿ.ಯಲ್ಲೋ ಪೆನ್‌ಡ್ರೈವಿನಲ್ಲೋ. ಸ್ಕ್ಯಾನಿಂಗ್ ಕೇಂದ್ರದಲ್ಲಿ ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಎಷ್ಟೋ ಕಡೆ ಫಿಲಂ ಕೊಟ್ಟು ಕಳುಹಿಸುತ್ತಾರೆ. ಸಿ.ಡಿ. ಕೇಳಿ ಪಡೆಯಿರಿ, ಮನೆಯಲ್ಲಿ ಆಧಾರ್, ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇಡಿ. ಸಿ.ಟಿ.ಯಾದರೆ ಹಣ ಮಾತ್ರವಲ್ಲ, ಮತ್ತೊಮ್ಮೆ ವಿಕಿರಣವೂ ತಪ್ಪುತ್ತದೆ. ಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಎಂಬುದನ್ನೂ ಟ್ರಸ್ಟಿಗೆ ಅರ್ಜಿ ಹಾಕುವ ಮೊದಲು ಆಸ್ಪತ್ರೆಯ ಕೌಂಟರಿನಲ್ಲಿ ವಿಚಾರಿಸಿ.

ವಿದ್ಯಾರ್ಥಿಗಳೇ, ಈಗ ನಿಮ್ಮ ಸರದಿ. ಇಂಥ ಸಭೆಗಳಲ್ಲಿ ಇಬ್ನುಲ್ ಹೈಥಮ್ ಮತ್ತು ಅಝ್ಝಹ್ರಾವಿಯವರ ಹೆಸರು ತಪ್ಪದೆ ಬರುತ್ತದೆ. ಒಬ್ಬರು ಸಾವಿರ ವರ್ಷದ ಹಿಂದೆ ಕಣ್ಣು ಹೇಗೆ ನೋಡುತ್ತದೆಂದು ಬರೆದವರು, ಇನ್ನೊಬ್ಬರು ಕೊರ್ದೋವಾದಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣಗಳ ಚಿತ್ರ ಬಿಡಿಸಿಟ್ಟವರು. ಹೆಸರು ಹೇಳುತ್ತೇವೆ, ಚಪ್ಪಾಳೆ ತಟ್ಟುತ್ತೇವೆ, ಬಿರಿಯಾನಿ ತಿಂದು ಮನೆಗೆ ಹೋಗುತ್ತೇವೆ. ನಮ್ಮ ಜಿಲ್ಲೆಯ ಎಂಆರ್‌ಐ ಕೋಣೆಯಲ್ಲಿ ಇವತ್ತು ರಾತ್ರಿ ಯಾರು ಕೂತಿದ್ದಾರೆ ಎಂದು ಕೇಳುವುದಿಲ್ಲ.

ಚಿತ್ರ ಕೂಡಿಸುವ ಕೆಲಸದಲ್ಲಿ ಎಂಬಿಬಿಎಸ್ ಮಾಡಿದವರು ಒಂದು ಭಾಗ ಮಾತ್ರ. ನಾವು ಹೇಳಿದ ಹೌನ್ಸ್‌ಫೀಲ್ಡ್ ಎಂಜಿನಿಯರ್, ಕಾರ್ಮ್ಯಾಕ್ ಭೌತವಿಜ್ಞಾನಿ. ಬೋಸ್ಟನ್ನಿನ ಆಸ್ಪತ್ರೆಯಲ್ಲಿ ಚಿತ್ರಗಳನ್ನು ಕೂಡಿಸಲು ಬಳಸುವ ತ್ರೀಡಿ ಸ್ಲೈಸರ್ ಎಂಬ ಸಾಫ್ಟ್‌ವೇರ್ 1998ರಲ್ಲಿ ಆ ಆಸ್ಪತ್ರೆಯ ಪ್ರಯೋಗಾಲಯ ಮತ್ತು ಎಂಐಟಿಯ ನಡುವಿನ ಒಂದು ಮಾಸ್ಟರ್ಸ್ ಪ್ರಬಂಧವಾಗಿ ಶುರುವಾದದ್ದು. ಇಂದು ಅದು ಜಗತ್ತಿಗೆಲ್ಲ ಉಚಿತ. ರೋಗಿಯ ಚಿಕಿತ್ಸೆಗೆಂದಲ್ಲ, ಸಂಶೋಧನೆ ಮತ್ತು ಕಲಿಕೆಗೆ. ಇಲ್ಲಿ ಕೂತಿರುವ ಯಾವ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಇವತ್ತೇ ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಅದರ ಜೊತೆ ಬರುವ ಮಾದರಿ ಸಿ.ಟಿ., ಎಂಆರ್‌ಐ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ ನೋಡಬಹುದು.

ನೀಟ್‌ನಲ್ಲಿ ಸೀಟು ಸಿಗದಿದ್ದರೆ ಬಾಳು ಮುಗಿಯಿತೆಂದು ಅಳುವ ಮಕ್ಕಳನ್ನು, ಅವರಿಗಿಂತ ಹೆಚ್ಚು ಅಳುವ ಹೆತ್ತವರನ್ನು ನಾವು ಪ್ರತಿವರ್ಷ ನೋಡುತ್ತೇವೆ. ಪಿಯುಸಿ ವಿಜ್ಞಾನದ ನಂತರ ಇಮೇಜಿಂಗ್ ಟೆಕ್ನಾಲಜಿಯ ಬಿಎಸ್ಸಿ ಇದೆ. ಯಂತ್ರ ನಡೆಸುವವರು, ರೋಗಿಯನ್ನು ಸರಿಯಾಗಿ ಮಲಗಿಸುವವರು, ಬಿಲ್ಲೆಯ ದಪ್ಪ ನಿಗದಿ ಮಾಡುವವರು ಇವರೇ. ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವರಿಗೆ ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ ಇದೆ. ವಿಕಿರಣದ ಅಳತೆ, ಸುರಕ್ಷತೆಗೆ ಜವಾಬ್ದಾರರಾಗುವವರು ಇವರು. ಬಯೋಮೆಡಿಕಲ್ ಎಂಜಿನಿಯರಿಂಗ್ ಇದೆ. ಕಂಪ್ಯೂಟರ್ ಸೈನ್ಸ್ ಓದುವವರಿಗೆ ಚಿತ್ರಸಂಸ್ಕರಣೆಯ ಇಡೀ ಕ್ಷೇತ್ರವಿದೆ. 2021ರಲ್ಲಿ ಸಂಸತ್ತು ಇಂಥ ವೃತ್ತಿಗಳಿಗಾಗಿಯೇ ಪ್ರತ್ಯೇಕ ರಾಷ್ಟ್ರೀಯ ಆಯೋಗದ ಕಾಯಿದೆ ಮಾಡಿತು. ಆದ್ದರಿಂದ ಸೇರುವ ಮೊದಲು ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೋ ಮಾನ್ಯತೆಯಿರುವ ಬೇರೆ ವಿಶ್ವವಿದ್ಯಾಲಯಕ್ಕೋ ಸೇರಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಬಸ್ ಸ್ಟ್ಯಾಂಡಿನ ಎದುರು ಬೋರ್ಡು ಹಾಕಿ ಆರು ತಿಂಗಳಲ್ಲಿ ಸರ್ಟಿಫಿಕೇಟ್ ಕೊಡುವವರಿಗೆ ಫೀಸು ಕಟ್ಟಿದ ಮೇಲೆ ನಮ್ಮ ಬಳಿ ಬಂದರೆ ನಾವು ಏನೂ ಮಾಡಲಾಗದು.

ಹೆಣ್ಣುಮಕ್ಕಳ ಹೆತ್ತವರಿಗೆ ಒಂದು ಮಾತು. ನಮ್ಮ ಉಮ್ಮಂದಿರು ಎದೆಯ ಪರೀಕ್ಷೆಗೆ, ಹೊಟ್ಟೆಯ ಸ್ಕ್ಯಾನಿಗೆ ಗಂಡಸರ ಮುಂದೆ 'ಬೇಡ ಮಗಾ, ಆಮೇಲೆ ನೋಡೋಣ' ಎಂದು ಮುಂದೂಡುತ್ತಾ ಹೋಗುವುದು ನಿಮಗೆ ಗೊತ್ತಿದೆ. ಆ ಆಮೇಲೆ ಎನ್ನುವುದು ಎಷ್ಟೋ ಸಲ ತಡವಾಗಿರುತ್ತದೆ. ಆ ಕೋಣೆಯಲ್ಲಿ ನಮ್ಮದೇ ಮಗಳೊಬ್ಬಳು, ಪರ್ದಾ ಹಾಕಿಕೊಂಡೇ ಇರಲಿ, ಹಾಕದೆ ಇರಲಿ, ಕೆಲಸ ಮಾಡುತ್ತಿದ್ದರೆ ಉಮ್ಮ ಒಳಗೆ ಹೋಗುತ್ತಾರೆ. ಡಾಕ್ಟರ್ ಅಳಿಯ ಹುಡುಕುವಷ್ಟೇ ಆಸ್ಥೆಯಿಂದ ಟೆಕ್ನಾಲಜಿಸ್ಟ್ ಮಗಳನ್ನು ಓದಿಸಿ.

ಈ ಸಾಲಿನಿಂದ ಉಪಸಮಿತಿ ಮೂರು ಬದಲಾವಣೆ ಮಾಡಿದೆ; ಅಧ್ಯಕ್ಷರು ಒಪ್ಪಿಗೆ ಕೊಟ್ಟಿದ್ದಾರೆ. ವೈದ್ಯಕೀಯ ನೆರವಿನ ಅರ್ಜಿಯಲ್ಲಿ ಎರಡನೇ ಸ್ಕ್ಯಾನಿಗೆ ಪ್ರತ್ಯೇಕ ಕಾಲಂ ಇರುತ್ತದೆ. ಹಿಂದಿನ ಸ್ಕ್ಯಾನ್ ಏಕೆ ಸಾಲಲಿಲ್ಲ ಎಂದು ವೈದ್ಯರು ಒಂದು ಸಾಲು ಬರೆದುಕೊಟ್ಟರೆ ಆ ಬಿಲ್ಲನ್ನು ತಳ್ಳಿಹಾಕದೆ ಪರಿಶೀಲಿಸುತ್ತೇವೆ. ವಿದ್ಯಾರ್ಥಿವೇತನದಲ್ಲಿ ಇಮೇಜಿಂಗ್ ಟೆಕ್ನಾಲಜಿ, ಮೆಡಿಕಲ್ ಫಿಸಿಕ್ಸ್, ಬಯೋಮೆಡಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಎಂಬಿಬಿಎಸ್ ವಿದ್ಯಾರ್ಥಿಗಳ ಸಾಲಿನಲ್ಲೇ ಪರಿಗಣಿಸುತ್ತೇವೆ. ಮತ್ತು ಈ ಕೋರ್ಸುಗಳಿಗೆ ಪೂರ್ತಿ ಅವಧಿಯ ಫೀಸು ಹೊರಲು ಇಚ್ಛಿಸುವ ದಾನಿಗಳ ಹೆಸರನ್ನು ಬೇರೆಯಾಗಿ ಬರೆದುಕೊಳ್ಳುತ್ತೇವೆ. ಮೊದಲ ವರ್ಷ ಕೊಟ್ಟು ಎರಡನೇ ವರ್ಷ ನಿಂತುಹೋದರೆ ಮಗು ನಡುನೀರಿನಲ್ಲಿ ಉಳಿಯುತ್ತದೆ.

ಅರ್ಜಿ ನಮೂನೆಗಳು ಈ ವರದಿಯ ಕೊನೆಯಲ್ಲಿವೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಕಾಲೇಜಿನ ಪ್ರವೇಶಪತ್ರದ ಪ್ರತಿಗಳ ಜೊತೆ ನಿಮ್ಮ ಜಮಾಅತಿನ ಕಾರ್ಯದರ್ಶಿಯವರ ಸಹಿ ಬೇಕು. ಯಾವ ಕೋರ್ಸು, ಯಾವ ಕಾಲೇಜು ಎಂದು ತೋಚದಿರುವವರು ಅಸ್ರ್ ನಮಾಝಿನ ನಂತರ ಬಲಬದಿಯ ಮೇಜಿನ ಹತ್ತಿರ ಬನ್ನಿ, ನಾವು ಮಗ್ರಿಬ್ ತನಕ ಅಲ್ಲೇ ಇರುತ್ತೇವೆ. ಆಸ್ಪತ್ರೆಯ ಕಾಗದಗಳನ್ನು ತಂದಿರುವವರು ಸಿ.ಡಿ. ಇದ್ದರೆ ಅದನ್ನೂ ತನ್ನಿ.